ಮಂಡಿನೋವಿನ ಮಾತ್ರೆ, ಬಿಪಿ ಇದ್ದವರು ಜೋಪಾನ

ಕಾಫಿ ಕೊಯ್ಲು ಶುರುವಾದರೆ ನಮ್ಮ ಕಡೆ ಮಂಡಿನೋವಿನ ಮಾತ್ರೆಯೂ ಜಾಸ್ತಿ ಖರ್ಚಾಗುತ್ತದೆ, ಅಲ್ವಾ? ಮೈಯೊಳಗೆ ಉರಿಯೂತ ಬಹಳ ದಿನ ಉಳಿದರೆ ರಕ್ತನಾಳದ ಒಳಪದರ ಕೆಟ್ಟು ನಾಳ ಗಡುಸಾಗುತ್ತದೆ. ಬಿಪಿ ಏರುವುದಕ್ಕೆ ಇದೂ ಒಂದು ಕಾರಣ. ಹಾಗಂತ ಉರಿಯೂತ ಇಳಿಸುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದರೆ ಬಿಪಿ ಇಳಿಯುವುದಿಲ್ಲ. ಉಲ್ಟಾ! ಇವು ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸಬಹುದು. ಕೆಲವು ಬಿಪಿ ಮಾತ್ರೆಗಳ ಕೆಲಸವನ್ನೂ ಕೆಡಿಸುತ್ತವೆ. ನಾನೂ ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತರುತ್ತಿದ್ದವನೇ. ಈಗ ‘ಬಿಪಿ ಇದೆ’ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅವರು ಬರೆದದ್ದನ್ನೇ ತರುತ್ತೇನೆ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಮನೆಯಲ್ಲಿ ಬಿಪಿ ನೋಡುವುದಾದರೆ ಕಾಫಿ ಕುಡಿದಿದ್ದರೆ 30 ನಿಮಿಷ ಕಾಯಿರಿ (ನಮ್ಮವರಿಗೆ ಕಷ್ಟವೇ!). ಆಮೇಲೆ 5 ನಿಮಿಷ ಮಾತಾಡದೆ ಕೂತು ನೋಡಿ.