ಮಳೆಗಾಲದಲ್ಲಿ ಬೆಳ್ಳಗಾದ ಕ್ಲಿಯರ್ ಕೋಟ್

ತೀರ್ಥಹಳ್ಳಿ ಕಡೆ ಆಷಾಢದ ಮಳೆ ಹಿಡಿದರೆ ಉಪ್ಪಿನ ಭರಣಿಯಲ್ಲೂ ನೀರಾಡುತ್ತದೆ. ಅಂಥದೇ ಒಂದು ಸಂಜೆ 1/24 ಅಳತೆಯ ಕಪ್ಪು ಪ್ಲಾಸ್ಟಿಕ್ ಮಾಡೆಲ್ ಕಾರಿಗೆ ಲ್ಯಾಕರ್ ಕ್ಲಿಯರ್, ಅಂದರೆ ಬಣ್ಣದ ಮೇಲೆ ಹೊಳಪಿಗೆ ಹಾಕುವ ಪಾರದರ್ಶಕ ಪದರ, ಹೊಡೆದೆ. ಹೊಡೆಯುವಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಐದು ನಿಮಿಷ ಬಿಟ್ಟು ನೋಡಿದರೆ ಬಾನೆಟ್ ಮೇಲೆ ಮಜ್ಜಿಗೆ ಚೆಲ್ಲಿ ಒರೆಸಿದ ಹಾಗೆ ಬಿಳಿ ಮಸುಕು. ಮೂರು ವಾರದ ಕೆಲಸ, ಹೊಟ್ಟೆ ಉರಿಯಿತು.

ಬಾಟಲಿಯೇ ಹಾಳಾಗಿದೆ ಅಂದುಕೊಂಡೆ. 2000 ನಂಬರ್ ಉಜ್ಜುವ ಪೇಪರ್ ನೀರಲ್ಲಿ ಅದ್ದಿ ಉಜ್ಜಿದೆ. ಬಾಗಿಲಿನ ಅಂಚಲ್ಲಿ ಬಣ್ಣವೇ ಕಿತ್ತು ಪ್ಲಾಸ್ಟಿಕ್ ಕಂಡಿತು. ಬಣ್ಣ ಸರಿಮಾಡಿ, ಹೊಸ ಬಾಟಲಿ ತರಿಸಿ ಹೊಡೆದರೆ ಮತ್ತದೇ ಮಸುಕು.

ತಪ್ಪು ಗಾಳಿಯದ್ದು. ಲ್ಯಾಕರಿನ ತಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರಿನಂಶ ಅಲ್ಲೇ ಇಬ್ಬನಿ ಕಟ್ಟಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಕೋಣೆಯಲ್ಲಿ ತೇವಾಂಶದ ಮೀಟರ್ ಇಟ್ಟು ನೋಡಿದೆ. ಶೇಕಡಾ 88 ತೋರಿಸಿತು!

"ಒಲೆ ಪಕ್ಕ ಇಡೋ, ಹಪ್ಪಳನೇ ಒಣಗತ್ತೆ" ಅಂದರು ಅಮ್ಮ. ತಿನ್ನರ್ ಆವಿಗೆ ಬೆಂಕಿ ತಾಗಿದರೆ ಅಪಾಯ, ಜೊತೆಗೆ ಪ್ಲಾಸ್ಟಿಕ್ ಬಾಗುತ್ತದೆ. ಅದು ಬೇಡ ಅಂತ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಕಾರನ್ನು ಮುಚ್ಚಿಟ್ಟೆ.

ನಾಲ್ಕು ದಿನಕ್ಕೆ ಹೊಳವಾಯಿತು. ಬಿಸಿಲು ಬಂದ ಮಧ್ಯಾಹ್ನ ಮೀಟರ್ 60ಕ್ಕೆ ಇಳಿದಿತ್ತು. ಈ ಸಲ ಉಜ್ಜಲಿಲ್ಲ. ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೆರೆತ ತಿನ್ನರ್ ಮಾತ್ರ, ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಹಾಕಿ, ಮಂಜು ಬಿದ್ದ ಹಾಗೆ ತೆಳ್ಳಗೆ ಹೊಡೆದೆ. ಮೇಲಿನ ಪದರ ಮೆತ್ತಗಾಗಿ ನೀರಿನಂಶಕ್ಕೆ ದಾರಿ ಸಿಕ್ಕಿತು. ಬಾನೆಟ್ ತುದಿಯಿಂದ ಮಸುಕು ಕರಗುತ್ತಾ, ಅಡಿಯ ಕಪ್ಪು ಎದ್ದು ಬಂತು. ಎಷ್ಟು ಖುಷಿಯಾಯಿತು ಗೊತ್ತಾ! ಆದರೆ ಒದ್ದೆಯಾಗುವಷ್ಟು ಸುರಿಯಬೇಡಿ, ಅಡಿಯಲ್ಲಿ ಡಿಕಾಲ್ (ಅಂಟಿಸಿದ ತೆಳು ಚಿತ್ರ, ಅಕ್ಷರ) ಇದ್ದರೆ ಸುಕ್ಕಾಗುತ್ತದೆ. ಕಿಟಕಿ ತೆಗೆದು, ಆವಿ ತಡೆಯುವ ಮಾಸ್ಕ್ ಹಾಕಿಯೇ ಕೂರಿ. ಬಟ್ಟೆ ಮಾಸ್ಕ್ ಸಾಲದು.

ಚಾವಣಿ ಮೇಲೆ ಮಾತ್ರ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಉಳಿದಿತ್ತು. ಅದು ತೇವದ್ದಲ್ಲ, ನಾನು ದೂರದಿಂದ ಹೊಡೆದದ್ದು. ಹನಿಗಳು ದಾರಿಯಲ್ಲೇ ಅರ್ಧ ಆರಿ ಕೂತಿದ್ದವು. ವಾಸನೆ ಪೂರ್ತಿ ಹೋಗುವ ತನಕ ಎರಡು ವಾರ ಕಾದೆ. ಆಮೇಲೆ 3000 ಪೇಪರ್‌ನಲ್ಲಿ ಅಂಚು ಬಿಟ್ಟು ಹಗುರವಾಗಿ ಉಜ್ಜಿ ಪಾಲಿಶ್ ಮಾಡಿದೆ. ಈಗ ಚಾವಣಿಯಲ್ಲಿ ಟ್ಯೂಬ್‌ಲೈಟಿನ ಗೆರೆ ನೆಟ್ಟಗೆ ಕಾಣುತ್ತದೆ.

ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರ್‌ನ ಟ್ಯಾಂಕಲ್ಲೂ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ದಿನಾ ಅಡಿಯ ತಿರುಪು ಬಿಚ್ಚಿ ಬಸಿಯುತ್ತೇನೆ, ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಹಾಕಿದ್ದೇನೆ. ಮೀಟರ್ 70 ದಾಟಿದ ದಿನ ಲ್ಯಾಕರ್ ಮುಟ್ಟೋದಿಲ್ಲ. ಅವತ್ತು ಚಕ್ರ, ಸೀಟು ಜೋಡಿಸುತ್ತಾ ಕೂರುತ್ತೇನೆ.