ಬಾದಾಮಿ ಸೀಮೆಯಲ್ಲಿ ಜಿಯೋಕ್ಯಾಶ್ ಡಬ್ಬಿ ಎಲ್ಲಿಡಬೇಕು?

ಜಿಯೋಕ್ಯಾಶ್ ಎಂದರೆ ಒಬ್ಬರು ಬಚ್ಚಿಟ್ಟು ಜಾಗದ ಅಕ್ಷಾಂಶ-ರೇಖಾಂಶವನ್ನು ಪ್ರಕಟಿಸುವ, ಬೇರೆಯವರು ಜಿಪಿಎಸ್ ಹಿಡಿದು ಹುಡುಕುವ ಆಟದ ಡಬ್ಬಿ. ಅದನ್ನು ಬಚ್ಚಿಡುವುದು ಸುಲಭ. ಹುಡುಕಲು ಬಂದವರು ಹತ್ತು ನಿಮಿಷ ಬಗ್ಗಿ ತಡಕಾಡಿದರೂ ಊರವರಿಗೆ ಗುಮಾನಿ ಬಾರದಂಥ ಜಾಗ ಸಿಗುವುದೇ ಕಷ್ಟ. ನಮ್ಮ ಕಡೆ ಪಾಳು ಗುಡಿಯ ಬುಡದಲ್ಲಿ ಯಾರಾದರೂ ಕಲ್ಲು ಸರಿಸಿದರೆ ನಿಧಿಗಳ್ಳರೆಂದೇ ಲೆಕ್ಕ. ಹಾಗಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸ್ಮಾರಕಗಳ ಆವರಣವನ್ನಂತೂ ಬಿಡಿ, ಬೇಲಿಯಿಲ್ಲದ ಒಂಟಿ ಗುಡಿಯನ್ನೂ ಬಿಡಿ. ರಸ್ತೆಬದಿಯ ಚಹಾದಂಗಡಿಯ ಹಿಂದಿನ ಕಲ್ಲುಗೋಡೆ ಇದಕ್ಕಿಂತ ಎಷ್ಟೋ ಮೇಲು. ಮಾಲೀಕರೇ ಒಪ್ಪಿದ್ದರೆ ಕೇಳುವವರಿಗೆ ಅವರೇ ಉತ್ತರ ಹೇಳುತ್ತಾರೆ.

ಮೊದಲು ಜಿಯೋಕ್ಯಾಶಿಂಗ್ ಆ್ಯಪ್‌ನ ನಕ್ಷೆ ನೋಡಿ. ಬೇರೆಯವರ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು. ಒಗಟು ಬಿಡಿಸಿದರಷ್ಟೇ ಸಿಗುವ ಕ್ಯಾಶ್‌ಗಳ ನಿಜವಾದ ಜಾಗ ನಕ್ಷೆಯಲ್ಲಿ ಕಾಣುವುದಿಲ್ಲ, ಅದಕ್ಕೇ ಡಬ್ಬಿ ಇಡುವ ಮುನ್ನವೇ ಹೊಸ ಕ್ಯಾಶ್‌ಗಳಿಗೆ ಒಪ್ಪಿಗೆ ಕೊಡುವ ಪರಿಶೀಲಕರನ್ನು ಕೇಳಿಕೊಳ್ಳಿ. ನೆಲ ಅಗೆದು ಹೂಳುವಂತಿಲ್ಲ.

ಎರೆ ಹೊಲದ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಸಣ್ಣ ಡಬ್ಬಿ ಬಿರುಕಿಗೆ ಇಳಿದರೆ ಮತ್ತೆ ಸಿಗದು. ಕಬ್ಬಿನ ಹೊಲದ ಬದುವೂ ಬೇಡ: ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರೆ, ಪ್ಲಾಸ್ಟಿಕ್ ಕರಗಿಹೋಗುತ್ತದೆ. ಮಲಪ್ರಭೆಯ ದಂಡೆ ಮಳೆಗಾಲದಲ್ಲಿ ಮುಳುಗುತ್ತದೆ. ಬನ್ನಿ ಮರಕ್ಕೆ ದಸರೆಯಲ್ಲಿ ಊರೇ ಕೈಹಾಕುತ್ತದೆ. ಬಾದಾಮಿಯ ಮಂಗಗಳಿಗೆ ಬಣ್ಣದ ಮುಚ್ಚಳ ಕಂಡರೆ ಸಾಕು, ಎತ್ತಿಕೊಂಡು ಹೋಗುತ್ತವೆ. ಮಣ್ಣಿನ ಬಣ್ಣ ಬಳಿಯಿರಿ, ತಿನಿಸಿನ ವಾಸನೆ ತಾಗಿದ ಡಬ್ಬಿ ಬೇಡ.

ಡಬ್ಬಿ ಇಡುವ ಕಲ್ಲಿನ ಸಂದು ಸೊಂಟದೆತ್ತರಕ್ಕಿರಲಿ, ಒಳಗೇನಿದೆಯೆಂದು ಹೊರಗಿನಿಂದಲೇ ಕಾಣಲಿ. ನೆಲದ ಮೇಲಿನ ಸಡಿಲ ಕಲ್ಲಿನಡಿ ಚೇಳಿರುತ್ತದೆ. ಬಂಡೆಯ ಚಾಚಿನಡಿ ಹೆಜ್ಜೇನು ಕಟ್ಟಿದ್ದರೆ ಆ ಕಡೆಯೇ ಸುಳಿಯಬೇಡಿ.

ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳ ನಡುವೆ ಉಪಗ್ರಹದ ಸಂಕೇತ ಬಂಡೆಗೆ ಬಡಿದು ಬರುವುದರಿಂದ ಜಿಪಿಎಸ್ ತಪ್ಪು ಜಾಗ ತೋರಿಸುತ್ತದೆ. ಬಯಲಿನಲ್ಲಿ ಐದು ಮೀಟರ್ ಆಸುಪಾಸಿನಲ್ಲಿರುವ ವ್ಯತ್ಯಾಸ ಅಲ್ಲಿ ಎಷ್ಟೋ ಪಟ್ಟು ಹೆಚ್ಚುತ್ತದೆ. ಆದಷ್ಟು ಆಕಾಶ ತೆರೆದಿರುವ ಕಡೆ ಇಡಿ. ಬೇರೆ ಬೇರೆ ದಿನ ಅಳೆದು ಸರಾಸರಿ ತೆಗೆಯಿರಿ. ಪ್ರತಿ ಸಲವೂ ಫೋನನ್ನು ಕೆಲ ನಿಮಿಷ ಅಲುಗಾಡಿಸದೆ ಇಟ್ಟ ಮೇಲಷ್ಟೇ ಅಕ್ಷಾಂಶ-ರೇಖಾಂಶದ ಅಂಕಿ ಬರೆದುಕೊಳ್ಳಿ. ಆಮೇಲೆ ಐವತ್ತು ಹೆಜ್ಜೆ ದೂರ ಹೋಗಿ, ಆ ಅಂಕಿ ಹಿಡಿದು ಬೇರೆ ದಿಕ್ಕಿನಿಂದ ನಡೆದು ಬಂದು, ಡಬ್ಬಿಗೇ ತಲುಪುತ್ತೀರಾ ನೋಡಿ.

ಹುಡುಕಿದವರು ಹೆಸರು ಬರೆಯುವ ಲಾಗ್‌ಬುಕ್ ನೆನೆದರೆ ಬದಲಿಸಬೇಕಾದವರು ನೀವೇ, ಆದ್ದರಿಂದ ಮನೆಯಿಂದ ಸುಲಭವಾಗಿ ಹೋಗಿಬರುವ ಜಾಗವನ್ನೇ ಆರಿಸಿ. ಬನಶಂಕರಿ ಗುಡಿಯ ಆಸುಪಾಸಿನಲ್ಲಿಟ್ಟಿದ್ದರೆ ಬನದ ಹುಣ್ಣಿಮೆಗೆ ಮುಂಚೆಯೇ ಡಬ್ಬಿ ತೆಗೆದಿಟ್ಟು, ಆ ಕ್ಯಾಶ್‌ನ ಪುಟದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದೆ ಎಂದು ಗುರುತಿಸಿ. ಜಾತ್ರೆಯ ಅಂಗಡಿಗಳೆಲ್ಲ ಎದ್ದ ಮೇಲೆ ಮತ್ತೆ ಇಡಿ.