ಬೇಸಿಗೆಯಲ್ಲಿ ಬಟ್ಟಲು, ಮಳೆಗಾಲದಲ್ಲಿ ಸ್ಟೆಮ್

ನನ್ನ ಶೆಡ್ಡಿನಲ್ಲಿದ್ದ, ಬ್ರಯರ್ ಎಂಬ ಮರದ ಒಂದು ತುಂಡಿನ ಮೇಲೆ ಪೆನ್ಸಿಲ್‌ನಿಂದ ಬರೆದ ಎರಡು ಸಾಲುಗಳು ಇನ್ನೂ ಹಾಗೇ ಇವೆ. ಜನವರಿ, 124 ಗ್ರಾಂ. ಜುಲೈ, 131 ಗ್ರಾಂ. ಕಪಾಟಿನಿಂದ ಕದಲದೆ ಕುಳಿತಿದ್ದ ಮರಕ್ಕೆ ಏಳು ಗ್ರಾಂ ಎಲ್ಲಿಂದ ಬಂತೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಯೂ ತಣ್ಣಗಾಗುತ್ತದೆ. ಹಾಗಿರುವಾಗ ಮರ ನೀರು ಕುಡಿಯದೆ ಇರುತ್ತದೆಯೇ? ಇದು ಗೊತ್ತಿದ್ದೂ ತಂಬಾಕು ಸೇದುವ ಪೈಪ್ ಮಾಡಲು ಹೊರಟ ಮೊದಲ ವರ್ಷ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ವರ್ಷ ಮಾಡಿದ ಐದು ಪೈಪ್‌ಗಳಲ್ಲಿ ನಾಲ್ಕು ಕೆಟ್ಟವು.

ಸುಂಟಿಕೊಪ್ಪದ ಸುತ್ತಿನ ಕಾಫಿ ತೋಟಗಳಲ್ಲಿ ಪಲ್ಪರ್, ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ಮಾಡುತ್ತಾ ಬಂದವನು ನಾನು. ಮನೆಯ ಹಿಂದೆ ಹತ್ತಡಿಗೆ ಹನ್ನೆರಡಡಿಯ ಶೆಡ್ ಇದೆ. ಅದರಲ್ಲಿ ತುಂಡನ್ನು ತಿರುಗಿಸಿ ಕಡೆಯುವ ಹಳೆಯದೊಂದು ಸಣ್ಣ ಲೇತ್, ಒಂದು ಬೆಂಚ್ ಗ್ರೈಂಡರ್, ಗೋಡೆ ತುಂಬ ಅರಗಳು. ಪಕ್ಕದ ತೋಟದ ಕರ್ನಲ್ ಸಾಹೇಬರು ಒಂದು ದಿನ ತಮ್ಮ ಪೈಪ್ ಹಿಡಿದುಕೊಂಡು ಬಂದರು. ಹಲ್ಲಿನಲ್ಲಿ ಕಚ್ಚುವ ಜಾಗದಲ್ಲೇ ಸ್ಟೆಮ್, ಅಂದರೆ ಬಾಯಲ್ಲಿಡುವ ಕೊಳವೆ, ತೂತು ಬಿದ್ದಿತ್ತು. “ನಿನ್ನ ಕೈಯಲ್ಲಿ ಆಗದ ಕೆಲಸ ಇದೆಯೇನಪ್ಪಾ?” ಎಂದರು. ಹೊಸ ಸ್ಟೆಮ್ ಮಾಡಿಕೊಡಲು ನನಗೆ ಹನ್ನೊಂದು ದಿನ ಹಿಡಿಯಿತು. ಅಳತೆಗಾಗಿ ಆ ಪೈಪಿನ ಒಳಗೆಲ್ಲ ಟಾರ್ಚ್ ಹಾಕಿ ನೋಡುತ್ತಿದ್ದಾಗಲೇ ಇದರ ಹುಚ್ಚು ಹತ್ತಿದ್ದು. ಹೊರಗಿನ ಮಿರುಗಿಗಿಂತ ಒಳಗೆ ಎರಡು ರಂಧ್ರಗಳು ಸೇರುವ ಆ ಜಾಗ ನನ್ನನ್ನು ಹಿಡಿದು ನಿಲ್ಲಿಸಿತು.

ನಾನು ಸೇದುವವನಲ್ಲ. ತಂಬಾಕಿನಿಂದಾಗುವ ಕೇಡು ಯಾರಿಗೂ ಹೊಸದಲ್ಲ, ಸೇದಲು ಶುರುಮಾಡಿ ಎಂದು ನಾನು ಯಾರಿಗೂ ಹೇಳುವುದೂ ಇಲ್ಲ. ನನಗೆ ಬೇಕಾದದ್ದು ಈ ಕೆಲಸ.

ಮೊದಲು ಮರದ ಮಾತು. ಬ್ರಯರ್ ಎಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಗಿಡದ ಬುಡದ ಗಂಟು. ಕಾಡುಕಿಚ್ಚಿಗೆ ಮೇಲಿನ ಗಿಡ ಸುಟ್ಟುಹೋದರೂ ಮಣ್ಣಿನೊಳಗಿನ ಈ ಗಂಟಿನಿಂದ ಮತ್ತೆ ಚಿಗುರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್ ಕ್ಲೋಡ್ ಊರಿನ ಮರಗೆಲಸದವರು ಇದರಿಂದ ಪೈಪ್ ಮಾಡತೊಡಗಿದರು. ಗಂಟನ್ನು ಅಗೆದು, ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಗರನ್ನೆಲ್ಲ ತೆಗೆದು, ಆಮೇಲೆ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ನಾನು ಇಟಲಿಯಿಂದ ಪಾರ್ಸೆಲ್‌ನಲ್ಲಿ ತರಿಸುತ್ತೇನೆ. ಸುಂಕವೂ ಸೇರಿದರೆ ಕೈ ಸುಡುತ್ತದೆ. ಅದಕ್ಕೇ ಒಂದೊಂದು ತುಂಡನ್ನೂ ಕೊರೆಯುವ ಮೊದಲು ಮೂರು ದಿನ ಮೇಜಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತೇನೆ.

ಅಷ್ಟು ದೂರದಿಂದ ಏಕೆ, ನಮ್ಮ ಕಾಫಿ ಗಿಡವೇ ಇದೆಯಲ್ಲ ಎಂದು ಎಲ್ಲರೂ ಕೇಳುತ್ತಾರೆ. ನನಗೂ ಅದೇ ಆಸೆಯಿತ್ತು. ಅರೇಬಿಕಾದ ಕಾಂಡ ತೆಗೆದುಕೊಂಡರೆ ಬಿಳಿ ಕಾಂಡಕೊರಕ ನನಗಿಂತ ಮೊದಲೇ ಒಳಗೆಲ್ಲ ಸುರಂಗ ಕೊರೆದಿರುತ್ತದೆ. ರೊಬಸ್ಟಾ ಬುಡ ಸಿಕ್ಕಿತು. ಗಟ್ಟಿ ಮರ, ಎಳೆ ಬಹಳ ನಯ, ತಿಳಿಹಳದಿ ಬಣ್ಣ. ಒಂದೂವರೆ ವರ್ಷ ಒಣಗಿಸಿದೆ. ಆರು ತುಂಡುಗಳಲ್ಲಿ ನಾಲ್ಕು, ನಡುವಿನ ತಿರುಳಿನಿಂದ ಅಂಚಿನವರೆಗೆ ಬಿರಿದವು. ಉಳಿದ ಎರಡರಲ್ಲಿ ಒಂದು ಪೈಪ್ ಮಾಡಿ ಕರ್ನಲ್ ಸಾಹೇಬರಿಗೆ ಕೊಟ್ಟೆ. ನಾಲ್ಕನೆಯ ಸಲ ಸೇದಿದಾಗ ತಂಬಾಕು ಉರಿಯುವ ಬಟ್ಟಲಿನ ಹೊರಗೋಡೆಯಲ್ಲಿ ಹುಣಸೆಬೀಜದಷ್ಟು ಕರಿಮಚ್ಚೆ ಎದ್ದಿತು. ಒಳಗಿನ ಕಾವು ಗೋಡೆಯನ್ನೇ ತಿನ್ನುತ್ತಿತ್ತು. ಅಲ್ಲಿಗೆ ಕಾಫಿ ಮರದ ಬಟ್ಟಲು ಮಾಡುವುದನ್ನು ಬಿಟ್ಟೆ. ಆದರೆ ಕಾಫಿ ಮರವನ್ನು ಬಿಡಲಿಲ್ಲ. ಬಟ್ಟಲಿನಿಂದ ಚಾಚಿದ ಕುತ್ತಿಗೆ ಮತ್ತು ಸ್ಟೆಮ್ ನಡುವಿನ ಬಳೆಯನ್ನು, ತಂಬಾಕು ಒತ್ತುವ ಗುಂಡಿಕಡ್ಡಿಯನ್ನು ಈಗಲೂ ಅದರಲ್ಲೇ ಮಾಡುತ್ತೇನೆ. ಅಲ್ಲಿ ಅದಕ್ಕೆ ಬೆಂಕಿಯ ಹಂಗಿಲ್ಲ, ಹೊಳಪೂ ಚೆನ್ನಾಗಿ ಬರುತ್ತದೆ. ಬೀಟೆ ಮರ ಕೊಡುತ್ತೇನೆ ಎಂದವರೂ ಇದ್ದಾರೆ. ಬೀಟೆ ಎಣ್ಣೆಯಂಶದ ಮರ, ಅದರ ಧೂಳು ಕೆಲವರ ಮೈಗೆ ಆಗುವುದಿಲ್ಲ. ಬೆಂಕಿ ಇಡುವ ಬಟ್ಟಲಿಗೆ ಅದು ಸಲ್ಲದು. ಜಿಂಕೆ ಕೊಂಬಿನ ಬಳೆ ಮಾಡಿಕೊಡು ಎಂದು ಕೇಳಿದವರಿಗೂ ಇಲ್ಲ ಎಂದಿದ್ದೇನೆ. 1972ರ ವನ್ಯಜೀವಿ ಕಾಯ್ದೆ ಇರುವ ನಾಡಿನಲ್ಲಿ ಅದು ಕೇಳುವ ಮಾತೂ ಅಲ್ಲ.

ಇನ್ನು ಕೊರೆಯುವುದು. ಹೊಸಬರು ಮೊದಲು ಆಕಾರ ಕೆತ್ತಿ ಆಮೇಲೆ ಕೊರೆಯುತ್ತಾರೆ. ನಾನೂ ಹಾಗೇ ಮಾಡಿದ್ದೆ. ದುಂಡಗೆ ಕೆತ್ತಿದ ಮರವನ್ನು ಚಕ್‌ನಲ್ಲಿ ಹಿಡಿಯಲು ನೆಟ್ಟಗಿನ ಮೈ ಎಲ್ಲಿ ಉಳಿದಿರುತ್ತದೆ? ಈಗ ಚೌಕ ತುಂಡಿನ ಪಕ್ಕದ ಮೈಯಲ್ಲಿ ಇಡೀ ಪೈಪನ್ನು ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ. ತಂಬಾಕು ತುಂಬುವ ಗುಂಡಿ ಮುಕ್ಕಾಲು ಇಂಚು ಅಗಲ, ಅಂದರೆ ಸುಮಾರು 19 ಮಿಲಿಮೀಟರ್. 40 ಮಿಲಿಮೀಟರ್ ಆಳ. ಹೊಗೆದಾರಿ 4 ಮಿಲಿಮೀಟರ್. ಈ ಹೊಗೆದಾರಿ ಗುಂಡಿಯ ತಳಕ್ಕೆ ಸರಿಯಾಗಿ, ನಟ್ಟನಡುವೆ ಬಂದು ತೆರೆದುಕೊಳ್ಳಬೇಕು. ಆದ್ದರಿಂದ ಅದರ ನಡುಗೆರೆಯನ್ನು ಗುಂಡಿಯ ಬಾಯಿಯಿಂದ 38 ಮಿಲಿಮೀಟರ್ ಕೆಳಗೆ ಎಳೆಯುತ್ತೇನೆ. ಆಗ ರಂಧ್ರದ ಕೆಳ ಅಂಚು ತಳವನ್ನು ಮುಟ್ಟುತ್ತದೆ. ಎರಡು ಮಿಲಿಮೀಟರ್ ಮೇಲೆ ಹೋದರೆ ತಳದಲ್ಲಿ ತೇವ ನಿಲ್ಲುತ್ತದೆ, ಅಡಿಯ ತಂಬಾಕು ಉರಿಯದೆ ಉಳಿಯುತ್ತದೆ, ಸೇದುವಾಗ ಗುಳುಗುಳು ಸದ್ದು. ಕೆಳಗೆ ಹೋದರೆ ತಳದಲ್ಲೇ ಕಾಲುವೆ ತೋಡಿದಂತಾಗುತ್ತದೆ. ತಳದ ಕೆಳಗೆ ಏಳು ಮಿಲಿಮೀಟರ್ ಮರವನ್ನಾದರೂ ಉಳಿಸುತ್ತೇನೆ.

ಗುಂಡಿಯ ತಳ ಚಪ್ಪಟೆಯಾಗಿರಬಾರದು, ಮೊಟ್ಟೆಯ ತುದಿಯಂತೆ ದುಂಡಗಿರಬೇಕು. ಹಾಗೆ ಕೊರೆಯುವ ಬಿಟ್ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಬಡಗಿಗಳು ಬಳಸುವ ಮುಕ್ಕಾಲು ಇಂಚಿನ ಚಪ್ಪಟೆ ಬಿಟ್ ತಂದು ಗ್ರೈಂಡರ್‌ನಲ್ಲಿ ಮಸೆದು ಮಾಡಿಕೊಂಡೆ. ಎರಡೂ ಅಂಚು ಒಂದೇ ಸಮ ಇರಬೇಕು. ಒಂದು ಕೂದಲೆಳೆಯಷ್ಟು ಹೆಚ್ಚಾದರೂ ಬಿಟ್ ಕುಣಿಯುತ್ತದೆ. ಲೇತನ್ನು ನಿಧಾನಕ್ಕೆ ತಿರುಗಿಸಿ, ಬಿಟ್ ಹಿಡಿದಿರುವ ಟೇಲ್‌ಸ್ಟಾಕ್‌ನ ಹಿಡಿಯನ್ನು ಮೂರು ಮಿಲಿಮೀಟರ್ ಮುಂದೆ, ಪೂರ್ತಿ ಹಿಂದೆ, ಮತ್ತೆ ಮೂರು ಮುಂದೆ. ಬಿಟ್ ಹೊರಗೆ ಬಂದಾಗಲೆಲ್ಲ ಬೆರಳು ಮುಟ್ಟಿಸಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ, ಸುಟ್ಟರೆ ನಿಲ್ಲಿಸುತ್ತೇನೆ. ಒಣಗಿದ ಬ್ರಯರ್‌ನಿಂದ ಪುಡಿ ಉದುರುತ್ತದೆ, ನಸುಗೆಂಪು ಬಣ್ಣ. ತೇವವಿದ್ದರೆ ಪುಡಿ ಬಿಟ್‌ಗೇ ಮೆತ್ತಿಕೊಳ್ಳುತ್ತದೆ. ಆಮೇಲೆ ತುಂಡನ್ನು ತೊಂಬತ್ತು ಡಿಗ್ರಿ ತಿರುಗಿಸಿ ಹಿಡಿದು ಕುತ್ತಿಗೆಯ ಕಡೆಯಿಂದ 8 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಆಳದ, ಸ್ಟೆಮ್ ಕೂರುವ ಗೂಡು. ಅದರ ತಳದ ನಡುವಿನಿಂದ ಉದ್ದನೆಯ 4 ಮಿಲಿಮೀಟರ್ ಬಿಟ್. ಈ ಉದ್ದ ಬಿಟ್ ಮರದ ಎಳೆ ಎಳೆದತ್ತ ಓಡುವ ಜಾತಿಯದು. ಅದಕ್ಕೆ ಅವಸರ ತೋರಿಸಲೇಬಾರದು. ಕೊನೆಯ ಮಿಲಿಮೀಟರ್‌ನಲ್ಲಿ ಎದುರಿನ ಒತ್ತಡ ತಟ್ಟನೆ ಇಲ್ಲವಾಗುತ್ತದೆ. ಆಗ ಲೇತ್ ನಿಲ್ಲಿಸಿ, ಗುಂಡಿಗೆ ಟಾರ್ಚ್ ಹಿಡಿದು ಬಗ್ಗಿ ನೋಡುವುದು. ತಳದ ನಡುವೆ ದುಂಡನೆಯ ಕಪ್ಪು ಚುಕ್ಕೆ ಕಂಡ ದಿನ ನನಗೆ ಬೇರೆ ಏನೂ ಬೇಡ.

ಮೊದಲ ವರ್ಷದ ಸೋಲು ಆದದ್ದು ಇಲ್ಲೇ. ನಾಲ್ಕು ತುಂಡುಗಳನ್ನು ಆಗಸ್ಟ್ ತಿಂಗಳಲ್ಲಿ ಕೊರೆದೆ. ಅಂದು ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು, ಸ್ಟೆಮ್ ಗಾಳಿಯಾಡದಂತೆ ಕೂತಿತ್ತು. ಫೆಬ್ರವರಿಯಲ್ಲಿ ಕಾಫಿ ಕುಯ್ಲು ಮುಗಿಸಿ ತೆಗೆದು ನೋಡಿದರೆ ಸ್ಟೆಮ್ ಮತ್ತು ಕುತ್ತಿಗೆಯ ನಡುವೆ ಒಂದು ಬದಿಯಲ್ಲಿ ಬಿದಿಗೆ ಚಂದ್ರನಂಥ ಸಂದು. ಅಳೆದೆ. ದುಂಡಗೆ ಕೊರೆದಿದ್ದ ಗೂಡು ಅಂಡಾಕಾರಕ್ಕೆ ತಿರುಗಿತ್ತು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ನವೆಂಬರ್ ಹೊತ್ತಿಗೆ ಕೊರೆದಿದ್ದ ಐದನೆಯದು ಮಾತ್ರ ಉಳಿಯಿತು. ಅಂದಿನಿಂದ ತಕ್ಕಡಿ ಮತ್ತು ಪೆನ್ಸಿಲ್. ತುಂಡುಗಳನ್ನು ಅಡುಗೆಮನೆಯ ಸೌದೆ ಒಲೆಯ ಕಡೆಯ ಅಟ್ಟಕ್ಕೆ ಏರಿಸಿದೆ. ಒಲೆಯ ನೆತ್ತಿಗಲ್ಲ, ದೂರದ ಮೂಲೆಗೆ. ನೆತ್ತಿಯ ಮೇಲಿಟ್ಟರೆ ಹೊರಮೈ ಬೇಗ ಒಣಗಿ ಬಿರಿಯುತ್ತದೆ. ವಾರಕ್ಕೊಮ್ಮೆ ತೂಗಿ, ಸತತ ನಾಲ್ಕು ವಾರ ತೂಕ ಕದಲದಿದ್ದರೆ ಮಾತ್ರ ಲೇತ್‌ಗೆ. ಜನವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ದಿನಗಳೇ ನನಗೆ ಕೊರೆಯುವ ಕಾಲ.

ಮಳೆಗಾಲವನ್ನು ಸ್ಟೆಮ್‌ಗೆ ಬಿಟ್ಟುಕೊಟ್ಟಿದ್ದೇನೆ. ಸ್ಟೆಮ್ ಎಬೊನೈಟ್‌ನದು, ಅಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರ್. ನಮ್ಮ ದೇಶದಲ್ಲಿ ಕೈಯಿಂದ ಫೌಂಟನ್ ಪೆನ್ನು ಮಾಡುವವರು ಬಳಸುವುದೂ ಇದನ್ನೇ. ಮಳೆಗೆ ಇದು ಉಬ್ಬುವುದಿಲ್ಲ. ಕರೆಂಟ್ ಮೂರು ದಿನ ಇಲ್ಲದಿದ್ದರೂ ಅರದ ಕೆಲಸ ನಿಲ್ಲುವುದಿಲ್ಲ. ಕಿಟಕಿಯ ಬಳಿ ಕುಳಿತು ಉಜ್ಜುತ್ತಾ ಹೋಗುವುದು. ಕೈಗೆಲ್ಲ ಗಂಧಕದ ವಾಸನೆ ಹತ್ತುತ್ತದೆ, ಮೂಗಿಗೆ ಮಾಸ್ಕ್ ಕಟ್ಟಲೇಬೇಕು. ಕಚ್ಚುವ ತುದಿಯನ್ನು 4 ಮಿಲಿಮೀಟರ್ ದಪ್ಪಕ್ಕೆ ಇಳಿಸಬೇಕು, ಒಳಗಿನ ದಾರಿಗೆ ತೂತು ಬೀಳಬಾರದು. ತುದಿಯಲ್ಲಿ ರಂಧ್ರವನ್ನು ಬೀಸಣಿಗೆಯಂತೆ ಅಗಲಿಸಿದರೆ ಹೊಗೆ ನಾಲಗೆಯ ಒಂದೇ ಕಡೆ ಬಡಿಯುವುದಿಲ್ಲ. ಇದಕ್ಕೆ ಬೇಕಾದ ಸೂಜಿ ಅರಗಳನ್ನೂ ನೂಲಿನಂಥ ಗರಗಸವನ್ನೂ ಕೊಟ್ಟವರು ನಮ್ಮೂರಿನ ಅಕ್ಕಸಾಲಿಗರು. ಕೊಡವರ ಸೊಂಟದ ಕಠಾರಿ ಪೀಚೆಕತ್ತಿಗೆ ಬೆಳ್ಳಿ ಕಟ್ಟುವ ಕೈ ಅವರದು. ಸ್ಟೆಮ್ ಬಾಗಿಸುವಾಗ ಒಳಗೆ ಪೈಪ್ ಕ್ಲೀನರ್, ಅಂದರೆ ನೂಲು ಸುತ್ತಿದ ತಂತಿ, ತೂರಿಸಿಟ್ಟು ಬಿಸಿಗಾಳಿ ಹಿಡಿಯುತ್ತೇನೆ, ಮೆದುವಾದಾಗ ಬಾಗಿಸಿ ತಣ್ಣೀರಿಗೆ ಅದ್ದುತ್ತೇನೆ. ಕ್ಲೀನರ್ ಇಲ್ಲದಿದ್ದರೆ ಬಾಗಿದಲ್ಲಿ ದಾರಿ ಮುಚ್ಚಿಹೋಗುತ್ತದೆ.

ಹೊರಮೈಯನ್ನು 120ರ ಉಪ್ಪುಕಾಗದದಿಂದ ಶುರುಮಾಡಿ 800ರವರೆಗೆ ಉಜ್ಜುತ್ತೇನೆ. ಎಷ್ಟೋ ಸಲ 400ಕ್ಕೆ ಬಂದಾಗ ಸಾಸಿವೆಯಷ್ಟು ಕುಳಿ ಮೇಲೇಳುತ್ತದೆ. ಬ್ರಯರ್‌ನಲ್ಲಿ ಇದು ಸಾಮಾನ್ಯ. ಪುಟ್ಟಿ ತುಂಬಿ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಸಣ್ಣ ಉಳಿಯಿಂದ ಇಡೀ ಬಟ್ಟಲನ್ನು ಹಲಸಿನ ಸಿಪ್ಪೆಯಂತೆ ಕೆತ್ತಿಬಿಡುತ್ತೇನೆ. ಕೈಗೆ ಹಿಡಿತವೂ ಸಿಗುತ್ತದೆ. ವಾರ್ನಿಷ್ ಬಳಿಯಬಾರದು, ಕಾವಿಗೆ ಗುಳ್ಳೆ ಏಳುತ್ತದೆ. ಸ್ಪಿರಿಟ್‌ನಲ್ಲಿ ಕರಗುವ ಬಣ್ಣ, ಅದರ ಮೇಲೆ ಕಾರ್ನೌಬಾ ಮೇಣ, ಅಷ್ಟೇ.

ಗುಂಡಿಯ ಒಳಮೈಗೆ ಗಟ್ಟಿ ಮಜ್ಜಿಗೆಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲ ನುಣುಪುಡಿ ಕಲಸಿ ತೆಳ್ಳಗೆ ಸವರುತ್ತೇನೆ. ಮೊದಲ ಕೆಲವು ಸಲದ ಉರಿಯಿಂದ ಮರವನ್ನು ಕಾಯಲು ಇದು. ಒಂದು ವಾರ ಒಣಗಬೇಕು, ಒಣಗಿದ ಮೇಲೆ ಹುಳಿ ವಾಸನೆ ಉಳಿಯುವುದಿಲ್ಲ. ಇದನ್ನೂ ಒಮ್ಮೆ ಜುಲೈಯಲ್ಲಿ ಮಾಡಿ, ನಾಲ್ಕನೆಯ ದಿನ ಗುಂಡಿಯೊಳಗೆ ಬಿಳಿ ಬೂಷ್ಟು ಕಂಡು ಎಲ್ಲ ಕೆರೆದು ತೆಗೆದಿದ್ದೇನೆ.

ಕೊಡುವ ಮೊದಲು ಎರಡು ಪರೀಕ್ಷೆ. ಸ್ಟೆಮ್ ಬಿಚ್ಚದೆಯೇ ಪೈಪ್ ಕ್ಲೀನರ್ ತುದಿಯಿಂದ ಗುಂಡಿಯವರೆಗೆ ತಡೆಯಿಲ್ಲದೆ ಹೋಗಬೇಕು. ಖಾಲಿ ಪೈಪನ್ನು ಬಾಯಲ್ಲಿಟ್ಟು ಗಾಳಿ ಎಳೆದರೆ ಸಿಳ್ಳೆಯ ಸದ್ದು ಬರಬಾರದು. ಸಿಳ್ಳೆ ಬಂದರೆ ಗೂಡಿನ ತಳಕ್ಕೂ ಸ್ಟೆಮ್‌ನ ಮೂತಿಗೂ ನಡುವೆ ಸಂದು ಹೆಚ್ಚಾಗಿದೆ ಎಂದೋ, ಎಲ್ಲೋ ದಾರಿ ಕಿರಿದಾಗಿದೆ ಎಂದೋ ಹುಡುಕಲು ಕೂರುತ್ತೇನೆ. ಕಳೆದ ಬೇಸಿಗೆಯ ಪೈಪ್ ಕರ್ನಲ್ ಸಾಹೇಬರಿಗೆ ಕೊಟ್ಟಾಗ ಅವರೂ ಮೊದಲು ಖಾಲಿಯಾಗಿಯೇ ಎಳೆದು ನೋಡಿದರು, ಕಣ್ಣು ಮುಚ್ಚಿಕೊಂಡು. ಏನೂ ಕೇಳಿಸಲಿಲ್ಲ. “ಸರಿ” ಎಂದು ಜೇಬಿಗೆ ಹಾಕಿಕೊಂಡರು.

ಅಟ್ಟದ ಮೇಲೆ ಈಗ ಎಂಟು ತುಂಡುಗಳಿವೆ. ಪೆನ್ಸಿಲ್ ಗೆರೆಯ ಆ ಹಳೆಯ ತುಂಡೂ ಅಲ್ಲೇ ಇದೆ. ಹೋದ ಭಾನುವಾರ ತೂಗಿದಾಗ 126 ಗ್ರಾಂ ಇತ್ತು.